ಕುಂಡದ ಟೊಮೆಟೊಗೆ ಎಂಥ ಗೊಬ್ಬರ?

2023ರ ಜುಲೈ ತಿಂಗಳಲ್ಲಿ ಟೊಮೆಟೊ ಬೆಲೆ ಕಿಲೊಗೆ ನೂರು ರೂಪಾಯಿ ದಾಟಿದಾಗ, ತಾರಸಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಬಕೆಟ್ಟುಗಳತ್ತ ಎಷ್ಟೋ ಮನೆಗಳವರ ಕಣ್ಣು ಹೊರಳಿತು. ನಾಲ್ಕು ಕುಂಡಗಳಲ್ಲಿ ನಾಲ್ಕು ಸಸಿ ನೆಟ್ಟರೆ ಸಾರಿಗಾಗುವಷ್ಟು ಹಣ್ಣು ಮನೆಯಲ್ಲೇ ಸಿಕ್ಕೀತು ಎಂಬ ಲೆಕ್ಕ ತಪ್ಪೇನಲ್ಲ. ಆದರೆ ಸಸಿ ನೆಟ್ಟವರೆಲ್ಲ ಹಣ್ಣು ಕಾಣಲಿಲ್ಲ. ಹಾಗೆ ಸೋತವರಲ್ಲಿ ಹೆಚ್ಚಿನವರು ಬೀಜವನ್ನು ಬೈದರು, ಬಿಸಿಲನ್ನು ಬೈದರು. ಕುಂಡದೊಳಗೆ ಏನು ತುಂಬಿದ್ದೇವೆ ಎಂದು ನೋಡಿದವರು ಕಡಿಮೆ.

ತುಮಕೂರಿನ ಯಾವ ಬಡಾವಣೆಯಲ್ಲೇ ಆಗಲಿ, ನಡೆಯುವುದು ಸಾಮಾನ್ಯವಾಗಿ ಹೀಗೆ. ಒಂದು ಮನೆಯವರು ಖಾಲಿ ನಿವೇಶನದಿಂದ ಕೆಂಪು ಮಣ್ಣು ತಂದು ಕುಂಡ ತುಂಬುತ್ತಾರೆ. ಗಿಡ ಒಂದು ಗೇಣು ಬೆಳೆದು, ಎಲೆ ಹಳದಿಯಾಗಿ ಅಲ್ಲೇ ನಿಂತುಬಿಡುತ್ತದೆ. ಪಕ್ಕದ ಮನೆಯವರು ಊರಿನ ತಿಪ್ಪೆಯಿಂದ ಚೀಲ ತುಂಬ ಸಗಣಿ ಗೊಬ್ಬರ ತರಿಸುತ್ತಾರೆ. ಹಸಿಯೋ ಕಳಿತದ್ದೋ ಎಂದು ನೋಡದೆ ಕುಂಡಕ್ಕೆ ಸುರಿಯುತ್ತಾರೆ. ನಾಲ್ಕನೇ ದಿನಕ್ಕೆ ಸಸಿ ಸುಟ್ಟಂತಾಗುತ್ತದೆ. ಎದುರು ಮನೆಯವರು ಪೇಟೆಯ ಎರೆಗೊಬ್ಬರದ ಪೊಟ್ಟಣವನ್ನೇ ಪೂರ್ತಿ ತುಂಬಿ, ದುಬಾರಿ ಗೊಬ್ಬರ ಹಾಕಿದ್ದೇವೆ, ಗಿಡಕ್ಕೆ ಇನ್ನೇನು ಬೇಕು ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಅವರ ಗಿಡವೂ ನೆಟ್ಟಗೆ ಬರುವುದಿಲ್ಲ. ಕೊನೆಗೆ ಮೂವರೂ ನರ್ಸರಿಗೆ ಹೋಗಿ ಕೇಳುವ ಪ್ರಶ್ನೆ ಒಂದೇ: 'ಯಾವ ಗೊಬ್ಬರ ಹಾಕಬೇಕು?'

ಈ ಪ್ರಶ್ನೆಯಲ್ಲೇ ಅರ್ಧ ತಪ್ಪಿದೆ. ಗೊಬ್ಬರ ಬೇರೆ, ಕುಂಡ ತುಂಬುವ ಮಿಶ್ರಣ ಬೇರೆ. ಈ ಗೊಂದಲಕ್ಕೆ ಇಂಗ್ಲಿಷ್ ತೋಟಗಾರಿಕೆ ಪುಸ್ತಕಗಳೂ ಸ್ವಲ್ಪ ಕಾರಣ. ಬ್ರಿಟನ್ನಿನವರು ಕಳಿತ ಕಸಕ್ಕೂ ಕಾಂಪೋಸ್ಟ್ ಎನ್ನುತ್ತಾರೆ, ಕುಂಡಕ್ಕೆ ತುಂಬುವ ಮಣ್ಣಿನ ಮಿಶ್ರಣಕ್ಕೂ ಕಾಂಪೋಸ್ಟ್ ಎನ್ನುತ್ತಾರೆ. ಅಲ್ಲಿನ ಜಾನ್ ಇನ್ನಸ್ ಸಂಸ್ಥೆ 1930ರ ದಶಕದಲ್ಲಿ ರೂಪಿಸಿದ ಹೆಸರುವಾಸಿ 'ಕಾಂಪೋಸ್ಟ್' ಎಂದರೆ 7 ಭಾಗ ಮಣ್ಣು, 3 ಭಾಗ ಪೀಟ್, 2 ಭಾಗ ದಪ್ಪ ಮರಳು, ಜೊತೆಗೆ ಅಳೆದು ಹಾಕಿದ ಸ್ವಲ್ಪ ಗೊಬ್ಬರ. ಅದರಲ್ಲಿ ನಮ್ಮ ತಿಪ್ಪೆಯ ಗೊಬ್ಬರವೇ ಇಲ್ಲ! 'ಕಾಂಪೋಸ್ಟ್‌ನಲ್ಲಿ ನೆಡಿ' ಎಂದು ಓದಿ ಬರೀ ಗೊಬ್ಬರದಲ್ಲಿ ಸಸಿ ನೆಟ್ಟ ವಿದ್ಯಾರ್ಥಿಯ ತಪ್ಪು ಏನೂ ಇಲ್ಲ.

ಕುಂಡ ಹೊಲವಲ್ಲ

ಹೊಲದಲ್ಲಿ ಟೊಮೆಟೊ ಬೇರು ಮೂರಡಿ ಕೆಳಗೂ ಇಳಿಯಬಲ್ಲದು. ಹೆಚ್ಚಾದ ನೀರು ಆಳಕ್ಕೆ ಬಸಿದು ಹೋಗುತ್ತದೆ. ಎರೆಹುಳು, ಗೆದ್ದಲು, ಹಳೇ ಬೇರು ಕೊಳೆತ ಜಾಗ ಇವೆಲ್ಲ ಮಣ್ಣಿನಲ್ಲಿ ಗಾಳಿಯ ದಾರಿ ಮಾಡಿಕೊಟ್ಟಿರುತ್ತವೆ. ಕುಂಡದಲ್ಲಿ ಇರುವುದು ಒಂದಡಿ ಮಣ್ಣು. ಅದಕ್ಕೆ ದಿನವೂ ಮೇಲಿನಿಂದ ನೀರು ಸುರಿಯುತ್ತೇವೆ. ಪ್ರತಿ ಸಲವೂ ಮಣ್ಣಿನ ಸಣ್ಣ ಕಣಗಳು ದೊಡ್ಡ ಕಣಗಳ ಸಂದಿಗೆ ಇಳಿದು ಕೂರುತ್ತವೆ. ತಿಂಗಳೊಪ್ಪತ್ತಿನಲ್ಲಿ ನಮ್ಮ ಕಡೆಯ ಕೆಂಪು ಮಣ್ಣು ಇಟ್ಟಿಗೆಯ ಹಾಗೆ ಗಟ್ಟಿಯಾಗುತ್ತದೆ.

ಬೇರೂ ಉಸಿರಾಡುತ್ತದೆ ಎಂಬುದನ್ನು ಪಾಠದಲ್ಲಿ ಓದಿದ್ದರೂ ಕುಂಡದ ಮುಂದೆ ನಿಂತಾಗ ಮರೆತುಬಿಡುತ್ತೇವೆ. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ತುಂಬಿದರೆ ಬೇರಿಗೆ ಆಮ್ಲಜನಕವಿಲ್ಲ. ಉಸಿರಾಡದ ಬೇರು ನೀರನ್ನೂ ಹೀರಲಾರದು. ಆಗ ಒದ್ದೆ ಮಣ್ಣಿನಲ್ಲೇ ಗಿಡ ಬಾಡುತ್ತದೆ. ಮನೆಯವರು 'ಪಾಪ, ಬಾಯಾರಿದೆ' ಎಂದು ಇನ್ನೊಂದು ಚೊಂಬು ಸುರಿಯುತ್ತಾರೆ. ಕುಂಡದ ಟೊಮೆಟೊಗಳು ಸಾಯುವುದು ಹಸಿವಿನಿಂದಲ್ಲ, ಹೆಚ್ಚಾಗಿ ಈ ಕರುಣೆಯಿಂದ.

ಇದನ್ನು ತರಗತಿಯಲ್ಲೇ ತೋರಿಸಬಹುದು. ಪಾತ್ರೆ ತಿಕ್ಕುವ ಚಪ್ಪಟೆ ಸ್ಪಂಜೊಂದನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಅಂಗೈ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ರಂಧ್ರಗಳು ಅವೇ. ಎತ್ತರ ಮಾತ್ರ ಹೆಚ್ಚಾಯಿತು. ಸ್ಪಂಜಿನ ತಳದಲ್ಲಿ ಸದಾ ಇಷ್ಟು ಎತ್ತರದವರೆಗೆ ನೀರು ಹಿಡಿದುಕೊಂಡೇ ಇರುತ್ತದೆ. ಕುಂಡದ ತಳದಲ್ಲೂ ಹಾಗೆಯೇ. ಆದ್ದರಿಂದ ಅಗಲವಾದ ತಗ್ಗು ತಟ್ಟೆಗಿಂತ ಆಳವಾದ ಕುಂಡ ಮೇಲು. ಟೊಮೆಟೊಗೆ ಹನ್ನೆರಡು ಅಂಗುಲಕ್ಕಿಂತ ಕಡಿಮೆ ಆಳದ್ದು ಬೇಡ. ಕುಂಡದ ತಳಕ್ಕೆ ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯೂ ಇಲ್ಲಿ ಬಿದ್ದುಹೋಗುತ್ತದೆ. ನೀರು ಹಿಡಿದಿಡುವ ಪದರ ಜಲ್ಲಿಯ ಮೇಲಕ್ಕೆ, ಅಂದರೆ ಬೇರಿನ ಹತ್ತಿರಕ್ಕೇ ಏರುತ್ತದೆ. ತೂತಿನ ಮೇಲೆ ಮಣ್ಣು ಸೋರದಂತೆ ಒಂದು ಹೆಂಚಿನ ಚೂರು ಬೋರಲು ಹಾಕಿದರೆ ಸಾಕು.

ಗುಬ್ಬಿಯ ನಾರಿನ ಪುಡಿ, ಕುಣಿಗಲ್ಲಿನ ಕೆರೆಗೋಡು

ಹಾಗಾದರೆ ಮಣ್ಣಿಗೆ ಗಾಳಿ ತರುವುದು ಯಾವುದು? ಚಳಿ ದೇಶದವರು ಇದಕ್ಕೆ ಪೀಟ್ ಬಳಸುತ್ತಿದ್ದರು. ಅದು ಜೌಗು ನೆಲದಲ್ಲಿ ಪಾಚಿಯ ಜಾತಿಯ ಗಿಡಗಳು ಅರೆಬರೆ ಕೊಳೆತು ಸೇರಿದ ಪದಾರ್ಥ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್‌ನಷ್ಟೇ ಬೆಳೆಯುವ ಅದನ್ನು ಅಗೆದು ತೆಗೆದರೆ, ಸಾವಿರಾರು ವರ್ಷ ನೆಲದಲ್ಲಿ ಕೂಡಿಟ್ಟ ಇಂಗಾಲ ಗಾಳಿಗೆ ಸೇರುತ್ತದೆ. ಆ ಕಾರಣಕ್ಕೆ ಅದಕ್ಕೆ ಬದಲಿ ಹುಡುಕಿದವರಿಗೆ ಸಿಕ್ಕಿದ್ದು ಭಾರತ, ಶ್ರೀಲಂಕಾಗಳ ತೆಂಗಿನ ನಾರಿನ ಪುಡಿ.

ತುಮಕೂರು ಜಿಲ್ಲೆಯವರಿಗೆ ಅದನ್ನು ಪರಿಚಯ ಮಾಡಿಕೊಡಬೇಕಿಲ್ಲ. ಗುಬ್ಬಿ, ನಿಟ್ಟೂರು ದಾಟಿ ತಿಪಟೂರಿನತ್ತ ಹೋಗುವ ದಾರಿಯ ಎರಡೂ ಕಡೆ ತೆಂಗೇ ತೆಂಗು. ಕಾಯಿಯ ಮಟ್ಟೆಯನ್ನು ಬಡಿದು ನಾರು ತೆಗೆಯುವ ಕಡೆ ಉಳಿಯುವ ಕಂದು ಪುಡಿ ಗುಡ್ಡೆಗುಡ್ಡೆಯಾಗಿ ಬಿದ್ದಿರುತ್ತದೆ. ಅದನ್ನೇ ತೊಳೆದು, ಒಣಗಿಸಿ, ಒತ್ತಿ ಇಟ್ಟಿಗೆ ಮಾಡಿದರೆ ಕೋಕೋಪೀಟ್. 5 ಕಿಲೊದ ಒಂದು ಅಚ್ಚನ್ನು ನೀರಿನಲ್ಲಿ ನೆನೆಸಿದರೆ ಉಬ್ಬಿ ಸುಮಾರು 70 ಲೀಟರಿನಷ್ಟಾಗುತ್ತದೆ. ಸ್ಪಂಜಿನ ಹಾಗೆ ನೀರನ್ನೂ ಹಿಡಿದು ಗಾಳಿಗೂ ಜಾಗ ಬಿಡುವುದು ಅದರ ಗುಣ. ತಾರಸಿಯ ಮೇಲೆ ಭಾರ ಕಡಿಮೆ ಎಂಬುದು ಇನ್ನೊಂದು ಅನುಕೂಲ.

ಆದರೆ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಕೋಕೋಪೀಟ್ ಗೊಬ್ಬರವಲ್ಲ. ಅದರಲ್ಲಿ ಸ್ವಲ್ಪ ಪೊಟ್ಯಾಷ್ ಬಿಟ್ಟರೆ ಗಿಡಕ್ಕೆ ಸಿಗುವ ಆಹಾರ ಇಲ್ಲವೆಂದೇ ಹೇಳಬೇಕು. ಎರಡನೆಯದು, ತೊಳೆಯದ ಪುಡಿಯಲ್ಲಿ ಸೋಡಿಯಂ, ಕ್ಲೋರೈಡ್‌ಗಳಂಥ ಲವಣಗಳೂ ಒಗರಿನ ಟ್ಯಾನಿನ್ನೂ ಇರುತ್ತವೆ. ಬಕೆಟ್ಟಿನಲ್ಲಿ ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಹಿಂಡಬೇಕು. ಮೊದಲ ನೀರು ಕಾಫಿ ಡಿಕಾಕ್ಷನ್ನಿನ ಹಾಗೆ ಬರುತ್ತದೆ. ಮೂರ್ನಾಲ್ಕು ಸಲ ತೊಳೆದು ನೀರು ತಿಳಿ ಚಹಾದ ಬಣ್ಣಕ್ಕೆ ಬಂದ ಮೇಲೆ ಬಳಸಬಹುದು.

ಕುಣಿಗಲ್ ಕಡೆಯವರಿಗೆ ನೆನಪಾಗುವುದು ಕೆರೆಗೋಡು. ಬೇಸಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಹೊಲಕ್ಕೆ ಹೊಡೆಯುವುದು ಈ ಸೀಮೆಯ ಹಳೇ ಪದ್ಧತಿ. ಮರಳು ಮಿಶ್ರಿತ ಕೆಂಪು ಮಣ್ಣಿಗೆ ಅದು ನಿಜಕ್ಕೂ ಒಳ್ಳೆಯದು. ಅದರ ಜೇಡಿ ಕಣಗಳು ನೀರನ್ನೂ ಸಾರವನ್ನೂ ಹಿಡಿದಿಡುತ್ತವೆ. ಅದೇ ಗೋಡನ್ನು ಕುಂಡಕ್ಕೆ ತುಂಬಿದರೆ ಒದ್ದೆಯಾದಾಗ ಅಂಟು, ಒಣಗಿದಾಗ ಬಿರುಕು. ಹೊಲಕ್ಕೆ ವರವಾದದ್ದು ಕುಂಡಕ್ಕೆ ಶಾಪ. ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಕುದುರೆ ಲದ್ದಿ ಸಿಕ್ಕರೂ ಒಳ್ಳೆಯ ಗೊಬ್ಬರವೇ. ಆದರೆ ಕುದುರೆ ಹಸುವಿನ ಹಾಗೆ ಮೆಲುಕು ಹಾಕುವ ಪ್ರಾಣಿಯಲ್ಲವಾದ್ದರಿಂದ ಕಳೆಯ ಬೀಜಗಳು ಜೀರ್ಣವಾಗದೆ ಉಳಿಯುವುದು ಹೆಚ್ಚು. ಲದ್ದಿಯ ರಾಶಿ ಬಹಳ ಕಾವೇರುತ್ತದೆ ಕೂಡ. ಚೆನ್ನಾಗಿ ಕಳಿಯುವವರೆಗೆ ಅದನ್ನು ಮುಟ್ಟಬಾರದು.

ಕಳಿತದ್ದು ಎಂದರೇನು?

'ಗೊಬ್ಬರ ಕಳಿತಿರಬೇಕು ಕಣಪ್ಪ, ಹಸೀದು ಹಾಕಿದ್ರೆ ಸುಟ್ಟೋಗ್ತದೆ' ಎಂದು ಹಳ್ಳಿಯ ತಾತ ಮೊಮ್ಮಗನಿಗೆ ಹೇಳುವ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಕಸವನ್ನು ಕಳಿಸುವವು ಕಣ್ಣಿಗೆ ಕಾಣದ ಜೀವಾಣುಗಳು. ಅವುಗಳಿಗೆ ಸುಮಾರು 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಹಸಿ ನಾರಿನ ಪುಡಿಯಲ್ಲಿ ಈ ಅನುಪಾತ 112ಕ್ಕೆ 1. ಅಂಥದ್ದು ಕೊಳೆಯತೊಡಗಿದರೆ ಸಾಲದ ಸಾರಜನಕವನ್ನು ಜೀವಾಣುಗಳು ಮಣ್ಣಿನಿಂದ, ಅಂದರೆ ಗಿಡದ ಬಾಯಿಂದ ಕಸಿದುಕೊಳ್ಳುತ್ತವೆ. ಎಲೆ ಹಳದಿಯಾಗುವುದು ಆಗ. ಹಸಿ ಸಗಣಿ, ಕೋಳಿ ಗೊಬ್ಬರಗಳದು ಇದಕ್ಕೆ ತದ್ವಿರುದ್ಧ. ಅಲ್ಲಿ ಸಾರಜನಕ ಬೇಗ ಬಿಡುಗಡೆಯಾಗಿ ಅಮೋನಿಯಾ ಎದ್ದು, ಎಳೆ ಬೇರು ಬೆಂದಂತಾಗುತ್ತದೆ. ತಾತ ಹೇಳುವ 'ಸುಟ್ಟೋಗೋದು' ಇದೇ.

ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ನಾರಿನ ಪುಡಿ ಕಳಿಸುವ ದಾರಿಯೊಂದನ್ನು ತೋರಿಸಿದ್ದಾರೆ. ಒಂದು ಟನ್ ಪುಡಿಗೆ 5 ಕಿಲೊ ಯೂರಿಯಾ ಮತ್ತು ಚಿಪ್ಪಣಬೆಯ ಬೀಜವನ್ನು ಪದರ ಪದರವಾಗಿ ಹಾಕಿ ತೇವ ಕಾಪಾಡಿದರೆ ಆ 112 ಇಳಿದು 24ರ ಹತ್ತಿರಕ್ಕೆ ಬರುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯೂ ಜೀವಾಣುಗಳಿಂದ ಹುದುಗಿಸಿದ ಕೋಕೋಪೀಟನ್ನು ಸಸಿಗಳಿಗಾಗಿ ರೂಪಿಸಿದೆ. ತುಮಕೂರಿಗೆ ಹತ್ತಿರದ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ ಇದೇ ಸಂಸ್ಥೆಗೆ ಸೇರಿದ್ದು.

ಗೊಬ್ಬರ ಕಳಿಸುವ ವಿದ್ಯೆಯಲ್ಲಿ ಕರ್ನಾಟಕಕ್ಕೆ ಹೆಸರೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಸಿ.ಎನ್. ಆಚಾರ್ಯ ಅವರು 1939ರಲ್ಲಿ ಕೊಟ್ಟ ಪದ್ಧತಿಗೆ 'ಬೆಂಗಳೂರು ವಿಧಾನ' ಎಂದೇ ಹೆಸರು. ಗುಂಡಿಯಲ್ಲಿ ಕಸ ಮತ್ತು ಮಲವನ್ನು ಪದರವಾಗಿ ತುಂಬಿ ಮೇಲೆ ಮಣ್ಣು ಮೆತ್ತಿಬಿಡುವುದು, ಮಗುಚುವ ಕೆಲಸವಿಲ್ಲ. ನಿಧಾನ, ಆದರೆ ಸಾರಜನಕದ ನಷ್ಟ ಕಡಿಮೆ. ಇದಕ್ಕೆ ಮೊದಲು ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ರೂಪಿಸಿದ ವಿಧಾನದಲ್ಲಿ ರಾಶಿಯನ್ನು ಆಗಾಗ ಮಗುಚಿ ಗಾಳಿಯಾಡಿಸಬೇಕು. ಗೊಬ್ಬರ ಬೇಗ ಸಿದ್ಧವಾಗುತ್ತದೆ. ಮನೆಯ ಅಡಿಗೆ ಕಸಕ್ಕೆ ಗಾಳಿಯಾಡುವ ಈ ಎರಡನೆಯ ದಾರಿಯೇ ಅನುಕೂಲ. ತರಕಾರಿ ಸಿಪ್ಪೆಯ ಮೇಲೆ ಪ್ರತಿದಿನವೂ ಎರಡು ಹಿಡಿ ಒಣಎಲೆಯನ್ನೋ ನಾರಿನ ಪುಡಿಯನ್ನೋ ಹಾಕುವುದನ್ನು ಮರೆತರೆ ಮಾತ್ರ ಮೂರನೇ ದಿನ ಅಕ್ಕಪಕ್ಕದವರು ಬಂದು ಕೇಳುತ್ತಾರೆ.

ಎರೆಗೊಬ್ಬರದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆ ಅವರ ಕೆಲಸದಿಂದ ನಮ್ಮಲ್ಲಿ ಅದು ಮನೆಮಾತಾಯಿತು. ಗೊಬ್ಬರ ಒಳ್ಳೆಯದೇ, ಅತಿ ಬೇಡ ಅಷ್ಟೆ. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2000ದ ಸುಮಾರಿಗೆ ಕುಂಡದ ಟೊಮೆಟೊ ಮೇಲೆ ನಡೆದ ಪ್ರಯೋಗದಲ್ಲಿ, ಮಿಶ್ರಣದ ಐದನೇ ಒಂದು ಭಾಗ ಎರೆಗೊಬ್ಬರವಿದ್ದ ಕುಂಡಗಳೇ ಹೆಚ್ಚು ಹಣ್ಣು ಕೊಟ್ಟವು. ಗೊಬ್ಬರ ಹೆಚ್ಚಿಸಿದಂತೆ ಹಣ್ಣು ಹೆಚ್ಚಲಿಲ್ಲ.

ಕೈಯಳತೆಯ ಪರೀಕ್ಷೆಗಳು

ಪೊಟ್ಟಣದ ಮೇಲಿನ ಮಾತನ್ನು ನಂಬಬೇಕಾಗಿಲ್ಲ. ಒಂದು ಹಿಡಿ ಗೊಬ್ಬರವನ್ನು ಸ್ವಲ್ಪ ತೇವ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಮೂಗಿಗೆ ಘಾಟು ಬಡಿದರೆ, ಕೊಳೆತ ನಾತ ಬಂದರೆ ಇನ್ನೂ ಕಳಿತಿಲ್ಲ. ರಾಶಿ ಹಾಕಿ ಒಂದು ತಿಂಗಳು ಬಿಡಿ.

ಇದಕ್ಕಿಂತ ನಂಬಿಕೆಯದು ಬೀಜದ ಪರೀಕ್ಷೆ. ಎರಡು ತಟ್ಟೆ ತೆಗೆದುಕೊಂಡು ಒಂದರಲ್ಲಿ ತೊಳೆದ ಮರಳು, ಇನ್ನೊಂದರಲ್ಲಿ ಗೊಬ್ಬರ ಹರಡಿ ಎರಡರಲ್ಲೂ ಇಪ್ಪತ್ತಿಪ್ಪತ್ತು ಸಾಸಿವೆ ಅಥವಾ ರಾಗಿ ಕಾಳು ಬಿತ್ತಿ. ಮರಳಿನಲ್ಲಿ ಹದಿನೆಂಟು ಮೊಳೆತು ಗೊಬ್ಬರದಲ್ಲಿ ಎಂಟೋ ಒಂಬತ್ತೋ ಮೊಳೆತರೆ, ಬೇರಿನ ತುದಿ ಕಂದಾಗಿದ್ದರೆ, ಆ ಗೊಬ್ಬರ ಟೊಮೆಟೊ ಸಸಿಗೂ ಆಗದು. ವಾರದ ಕೆಲಸ, ಖರ್ಚಿಲ್ಲ.

ಮೂರನೆಯದು ಗಾಳಿಯನ್ನು ಅಳೆಯುವುದು. ಹೈಸ್ಕೂಲು ಮಕ್ಕಳಿಗೆ ಇದು ಒಳ್ಳೆಯ ಪ್ರಯೋಗ. ತಳದಲ್ಲಿ ತೂತು ಕೊರೆದ ಬಕೆಟ್ಟಿನ ತೂತನ್ನು ಮುಚ್ಚಿ, 5 ಲೀಟರ್ ಗುರುತಿನವರೆಗೆ ಮಿಶ್ರಣ ತುಂಬಿ. ನಿಧಾನವಾಗಿ ನೀರು ಹಾಕುತ್ತಾ ಮೇಲ್ಮೈಯಲ್ಲಿ ನೀರು ಹೊಳೆಯುವವರೆಗೆ ತುಂಬಿ, ಒಂದೆರಡು ಗಂಟೆ ಬಿಟ್ಟು ತಗ್ಗಿದಷ್ಟು ಮತ್ತೆ ತುಂಬಿ. ಈಗ ತೂತು ಬಿಚ್ಚಿ ಬಸಿದ ನೀರನ್ನು ಅಳೆಯಿರಿ. ಆ ನೀರು ಬಿಟ್ಟುಹೋದ ಜಾಗಕ್ಕೆ ಗಾಳಿ ಬಂತಲ್ಲ! ಅರ್ಧ ಲೀಟರ್ ಬಸಿದರೆ ಗಾಳಿಯ ಪಾಲು ನೂರಕ್ಕೆ ಹತ್ತು, ಒಂದು ಲೀಟರ್ ಆದರೆ ಇಪ್ಪತ್ತು. ಈ ಎರಡರ ನಡುವೆ ಇದ್ದರೆ ಟೊಮೆಟೊಗೆ ಸೊಗಸು. ಬರೀ ಕೆಂಪು ಮಣ್ಣಿನಲ್ಲಿ ಬಸಿಯುವ ನೀರು ಎಷ್ಟು ಕಡಿಮೆ ಎಂದು ಒಮ್ಮೆ ನೋಡಿದ ಮಕ್ಕಳು ಮತ್ತೆ ಹಾಗೆ ಕುಂಡ ತುಂಬಲಾರರು.

ಮಿಶ್ರಣ

ತುಮಕೂರು ಸೀಮೆಯಲ್ಲಿ ಕೈಗೆ ಸಿಗುವ ಪದಾರ್ಥಗಳಿಂದಲೇ ಮಾಡುವುದಾದರೆ, ಒಂದೇ ಬಾಂಡ್ಲಿಯಲ್ಲಿ ಅಳೆದು, ಕೆಂಪು ಮಣ್ಣು ಒಂದು ಪಾಲು, ತೊಳೆದ ನಾರಿನ ಪುಡಿ ಒಂದು ಪಾಲು, ಜರಡಿ ಹಿಡಿದ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು. ಕೊಟ್ಟಿಗೆ ಗೊಬ್ಬರದ ಬದಲು ಎರೆಗೊಬ್ಬರವಾದರೆ ಮುಕ್ಕಾಲು ಪಾಲು ಸಾಕು. ಮಣ್ಣು ಜಿಗುಟಾಗಿದ್ದರೆ ಅರ್ಧ ಪಾಲು ದಪ್ಪ ಮರಳು ಸೇರಿಸಬೇಕು. ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲಾದರೆ ಬೇವಿನ ಹಿಂಡಿಯಲ್ಲಿ ಐದು ಪಾಲಿನಷ್ಟು ಇದೆ. ಅದಕ್ಕೇ ಹಿಡಿಯ ಲೆಕ್ಕ, ಬಾಂಡ್ಲಿಯ ಲೆಕ್ಕವಲ್ಲ. ಜರಡಿ ಹಿಡಿಯುವಾಗ ಬೆಳ್ಳಗೆ ಸುರುಳಿ ಸುತ್ತಿಕೊಂಡ ಗೊಣ್ಣೆ ಹುಳುಗಳು ಸಿಕ್ಕರೆ ಆರಿಸಿ ಕೋಳಿಗೆ ಹಾಕಿ. ತೆಂಗಿನ ಸೀಮೆಯ ತಿಪ್ಪೆಗಳಲ್ಲಿ ಕುರುವಾಯಿ ದುಂಬಿಯ ಮರಿಗಳು ಸಾಮಾನ್ಯ.

ಮಣ್ಣು ತರುವ ಜಾಗವೂ ಮುಖ್ಯ. ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಎಲ್ಲ ಒಂದೇ ಕುಟುಂಬ. ಅವು ಬೆಳೆದ ಜಾಗದ ಮಣ್ಣಿನಲ್ಲಿ ಸೊರಗು ರೋಗದ ಬ್ಯಾಕ್ಟೀರಿಯಾ, ಬೇರಿನಲ್ಲಿ ಗಂಟು ಕಟ್ಟುವ ಜಂತುಹುಳು ಇರುವ ಸಂಭವ ಹೆಚ್ಚು. ರಾಗಿ ಹೊಲದ ಮಣ್ಣು ಉತ್ತಮ. ಅನುಮಾನವಿದ್ದರೆ ಏಪ್ರಿಲ್–ಮೇ ಬಿಸಿಲಿನಲ್ಲಿ ಮಣ್ಣನ್ನು ತೇವ ಮಾಡಿ ಅರ್ಧ ಅಡಿ ದಪ್ಪಕ್ಕೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ಒಂದು ತಿಂಗಳು ಬಿಡಬೇಕು. ಕಪ್ಪು ಹಾಳೆಗಿಂತ ಪಾರದರ್ಶಕ ಹಾಳೆಯೇ ಮಣ್ಣನ್ನು ಹೆಚ್ಚು ಕಾಯಿಸುತ್ತದೆ. ಏಕೆಂದು ಮಕ್ಕಳು ಯೋಚಿಸಲಿ. ಎಲೆ ಮುದುಡು ನಂಜುರೋಗವನ್ನು ಮಾತ್ರ ಯಾವ ಗೊಬ್ಬರವೂ ತಡೆಯದು. ಅದನ್ನು ತರುವುದು ಬಿಳಿನೊಣ. ಅದಕ್ಕೆ ಹೆಸರಘಟ್ಟದ 'ಅರ್ಕಾ ರಕ್ಷಕ್'ನಂಥ ರೋಗ ತಡೆಯುವ ತಳಿ ಹುಡುಕುವುದೇ ದಾರಿ.

ಹಣ್ಣಿನ ಬುಡ ಕಪ್ಪಾಗಿ ಒಳಸೇರುವುದನ್ನು ಕಂಡರೆ 'ಗೊಬ್ಬರ ಸಾಲದು' ಎಂದು ಇನ್ನಷ್ಟು ಹಾಕುವವರಿದ್ದಾರೆ. ಅದು ಹಣ್ಣಿಗೆ ಸುಣ್ಣದಂಶ ತಲುಪದ ಲಕ್ಷಣ. ನಮ್ಮ ಕೊಳವೆಬಾವಿಯ ಗಡಸು ನೀರಿನಲ್ಲಿ ಸುಣ್ಣಕ್ಕೆ ಬರವಿಲ್ಲ. ಬರ ಇರುವುದು ನಿಯಮಕ್ಕೆ. ಎರಡು ದಿನ ಒಣಗಿಸಿ ಮೂರನೇ ದಿನ ತುಂಬಿ ತುಳುಕಿಸಿದರೆ ಸುಣ್ಣ ಹಣ್ಣಿನ ತುದಿಯವರೆಗೆ ಸಾಗುವುದಿಲ್ಲ. ಪೊಟ್ಯಾಷ್ ಅತಿಯಾದರೂ ಹೀಗಾಗುತ್ತದೆ, ಆದ್ದರಿಂದ ಬಾಳೆಸಿಪ್ಪೆ, ಬೂದಿಗಳನ್ನು ಮಿತಿಯಲ್ಲಿಡಬೇಕು. ಮಣ್ಣಿನ ಮೇಲೆ ಎರಡು ಬೆರಳು ದಪ್ಪ ರಾಗಿ ಹುಲ್ಲು ಹೊದಿಸಿದರೆ ತೇವ ಒಂದೇ ಸಮನಾಗಿ ಉಳಿಯುತ್ತದೆ.

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಜ್ವಾಲಾಮುಖಿಯ ಮಾದರಿಯನ್ನೇ ಮತ್ತೆ ಮಾಡುವ ಬದಲು ಹನ್ನೆರಡು ಕುಂಡಗಳ ಒಂದು ಪ್ರಯೋಗ ಮಾಡಬಹುದು. ಮೂರು ಕುಂಡಗಳಿಗೆ ಬರೀ ಕೆಂಪು ಮಣ್ಣು, ಮೂರಕ್ಕೆ ಮಣ್ಣು ಮತ್ತು ಗೊಬ್ಬರ, ಮೂರಕ್ಕೆ ಮೇಲೆ ಹೇಳಿದ ಪೂರ್ತಿ ಮಿಶ್ರಣ, ಮೂರಕ್ಕೆ ಬರೀ ಎರೆಗೊಬ್ಬರ. ಒಂದೇ ತಳಿ, ಒಂದೇ ವಯಸ್ಸಿನ ಸಸಿ, ಒಂದೇ ಅಳತೆಯ ನೀರು. ಬಿಸಿಲಿನ ವ್ಯತ್ಯಾಸ ಲೆಕ್ಕ ತಪ್ಪಿಸದಂತೆ ವಾರಕ್ಕೊಮ್ಮೆ ಕುಂಡಗಳ ಜಾಗ ಅದಲುಬದಲು ಮಾಡಬೇಕು. ಪ್ರತಿ ಕುಂಡದ ಹಣ್ಣನ್ನು ಕಿತ್ತ ದಿನವೇ ತೂಗಿ ಬರೆಯಬೇಕು. ಸತ್ತ ಗಿಡದ ಮುಂದೆ ಸೊನ್ನೆ ಎಂದು ಬರೆಯಬೇಕೇ ಹೊರತು ಆ ಸಾಲನ್ನು ಅಳಿಸಬಾರದು. ಅಕ್ಟೋಬರಿನಲ್ಲಿ ಸಸಿ ನೆಟ್ಟರೆ ಸಂಕ್ರಾಂತಿಯ ಹೊತ್ತಿಗೆ ತಕ್ಕಡಿ ಬೇಕಾಗುತ್ತದೆ.